ಎಲೆ-ಅಡಿಕೆ ಆಮೇಲೆ

ಕರಿಯವ್ವನ ಬಾಯಿಗೆ ಹೆದರದವರು ದಾವಣಗೆರೆಯ ಆ ಹತ್ತಿ ಮಿಲ್ಲಿನ, ನೂಲು ಸುತ್ತುವ ರೀಲಿಂಗ್ ಖಾತೆಯಲ್ಲಿ ಯಾರೂ ಇರಲಿಲ್ಲ. ನೂಲಿನ ಲಡಿ ಸರಿಯಾಗಿ ಸುತ್ತಿಲ್ಲವೆಂದು ಕಂಡಕಂಡವರನ್ನು ಗದರುವ ಮೇಸ್ತ್ರಿ, ಜಾಬರ್ ಕೂಡ ಅವಳ ಸಾಲಿಗೆ ಬಂದಾಗ ಕೆಮ್ಮಿ ಮುಂದೆ ಹೋಗುತ್ತಿದ್ದ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವನಂತೂ ಅವಳು ದೂರದಲ್ಲಿ ಕಂಡರೆ ಸಾಕು, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಕಾಯನ್ನು ಗೋಣಿಯ ಅಡಿಗೆ ತಳ್ಳುತ್ತಿದ್ದ. ಕುಕ್ಕುವಾಡದ ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದ ಗಂಟಲು ಅದು. ಯಂತ್ರಗಳ ಗದ್ದಲದಲ್ಲಿ ಉಳಿದ ಹೆಂಗಸರು ಕೈಸನ್ನೆ ಮಾಡಿಕೊಂಡರೆ ಕರಿಯವ್ವ ಮಾತಾಡಿಯೇ ಕೆಲಸ ಸಾಗಿಸುತ್ತಿದ್ದಳು. ಗಂಡ ಮಾಳಿಂಗಪ್ಪ ಅದೇ ಮಿಲ್ಲಿನಲ್ಲಿ ಹತ್ತಿ ಬೇಲು ಒಡೆಯುವವನು, ಮಾತು ಬಲು ಕಡಿಮೆ. ಯಾರಾದರೂ ಕೆಣಕಿದರೆ, "ಒಂದು ಮನಿಗೆ ಒಂದು ಬಾಯಿ ಸಾಕಲ್ರಿ" ಎನ್ನುತ್ತಿದ್ದ.

ಇಂಥವಳು ಒಬ್ಬರ ಮುಂದೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆ ಒಬ್ಬರು ವಕೀಲರ ಹೆಂಡತಿ ನಾಗರತ್ನಮ್ಮ. ಬಾಯಿ ಕಟ್ಟಿದ್ದು ಹೆದರಿಕೆಯಲ್ಲ, ಋಣ.

ಐವತ್ತಮೂರನೆಯ ಇಸವಿಯ ಮಾತು. ಕರಿಯವ್ವನ ಚೊಚ್ಚಲ ಮಗಳು ಹಾಲವ್ವ ಇನ್ನೂ ಅಂಬೆಗಾಲಿಡದ ಕೂಸು. ಮಿಲ್ಲಿಗೆ ಹೋಗುವ ಹೆಂಗಸರು ತಮ್ಮ ಕೂಸುಗಳನ್ನು ಹಿಂದಿನ ಓಣಿಯ ಒಬ್ಬ ಮುದುಕಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಕೂಸುಗಳು ದಿನವಿಡೀ ಹಟ ಮಾಡದೆ ಮಲಗಿರುತ್ತಿದ್ದವು. ಮುದುಕಿಯ ಕೈಗುಣ ಅಂಥದ್ದು ಎಂದು ತಾಯಂದಿರು ಹೊಗಳುತ್ತಿದ್ದರು. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಆಕೆ ಹಾಲಿನಲ್ಲಿ ಸಾಸಿವೆ ಕಾಳಿನಷ್ಟು ಅಫೀಮು ತೇಯ್ದು ಕುಡಿಸುತ್ತಿದ್ದಳು. ಒಂದು ಮಧ್ಯಾಹ್ನ ಮಿಲ್ಲಿನ ಬಿಡುವಿನ ಕೂಗು ಆದಾಗ ಹಾಲೂಡಿಸಲು ಬಂದ ಕರಿಯವ್ವ ಎಷ್ಟು ಅಲುಗಿಸಿದರೂ ಹಾಲವ್ವ ಕಣ್ಣು ತೆರೆಯಲಿಲ್ಲ. ಕೂಸಿನ ತುಟಿ ನೀಲಿಗಟ್ಟಿತ್ತು. ಎತ್ತಿಕೊಂಡು ಬರಿಗಾಲಲ್ಲೇ ರಸ್ತೆಗೆ ಓಡಿದಳು.

ಎದುರಿಗೆ ನಾಗರತ್ನಮ್ಮನ ಜಟಕಾ ಬಂತು. ಯಾರದೋ ಮದುವೆಗೆ ಹೊರಟಿದ್ದ ಆಕೆ ರೇಷ್ಮೆ ಸೀರೆ ಉಟ್ಟಿದ್ದರು. ಯಾರು, ಏನು ಎಂದು ಒಂದು ಮಾತೂ ಕೇಳದೆ ಕೂಸನ್ನು ಇಸಕೊಂಡು ತೊಡೆಯ ಮೇಲೆ ಹಾಕಿಕೊಂಡರು, ಕರಿಯವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಜಟಕಾವನ್ನು ಆಸ್ಪತ್ರೆಯ ಕಡೆ ತಿರುಗಿಸಿದರು. ದಾರಿಯುದ್ದಕ್ಕೂ ಕೂಸಿನ ಅಂಗಾಲು ಉಜ್ಜುತ್ತಲೇ ಇದ್ದರು. ಕೂಸು ವಾಂತಿ ಮಾಡಿಕೊಂಡಿತು. ಸೀರೆಯ ತುಂಬ ಆಯಿತು. "ಒಳ್ಳೇದಾತು, ಎಲ್ಲ ಹೊರಗೆ ಬರ್ಲಿ" ಎಂದರು ನಾಗರತ್ನಮ್ಮ. ಮರುದಿನ ಬೆಳಿಗ್ಗೆ ಹಾಲವ್ವ ಗಂಟಲು ಹರಿಯುವಂತೆ ಅತ್ತಳು. ಕರಿಯವ್ವ ಕಾಲು ಹಿಡಿಯಲು ಬಗ್ಗಿದರೆ ನಾಗರತ್ನಮ್ಮ, "ಮೊದ್ಲು ಕೂಸಿಗೆ ಹಾಲು ಕುಡಿಸು" ಎಂದು ಎಬ್ಬಿಸಿದರು.

ಆ ಸೀರೆಯ ಕಲೆ ಹೋಗಲಿಲ್ಲ. ನಾಗರತ್ನಮ್ಮ ಅದನ್ನು ಎಸೆಯಲೂ ಇಲ್ಲ; ನಡುವೆ ಹರಿದು, ಮಿಲ್ಲಿನ ಹೆಂಗಸರ ಕೂಸುಗಳಿಗೆಂದು ತಮ್ಮ ಮನೆಯ ಪಡಸಾಲೆಯ ತೊಲೆಗೆ ಎರಡು ಜೋಲಿ ಕಟ್ಟಿದರು. ಆಕೆಗೆ ಮಕ್ಕಳಿರಲಿಲ್ಲ. ಆ ಎರಡು ಜೋಲಿ ತುಂಬಲು ಎರಡು ದಿನವೂ ಬೇಕಾಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಹಳೆಯ ಸೀರೆಗಳೆಲ್ಲ ಒಂದೊಂದಾಗಿ ತೊಲೆಗೆ ಏರಿದವು. ವಕೀಲರ ಕಕ್ಷಿದಾರರು ಜೋಲಿಗಳ ನಡುವೆ ತಲೆ ಬಗ್ಗಿಸಿಕೊಂಡು ನುಸುಳಿ ಹೋಗಬೇಕಾಯಿತು. ಕೊನೆಗೆ ಪಾಪ ವಕೀಲರೇ ಓಡಾಡಿ ಮಿಲ್ಲಿನ ಗೇಟಿನ ಎದುರು ಓಣಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದುಕೊಟ್ಟರು. ಜನ ಅದನ್ನು ತೊಟ್ಟಿಲ ಮನೆ ಎಂದರು. ಕೂಸುಗಳನ್ನು ನೋಡಿಕೊಳ್ಳಲು ಅಂಜಿನವ್ವ ಎಂಬ ಗಟ್ಟಿ ಹೆಂಗಸು ಬಂದು ಸೇರಿದಳು. ಮಿಲ್ಲಿನ ಕೂಗು ಆದೊಡನೆ ತಾಯಂದಿರು ರಸ್ತೆ ದಾಟಿ ಬಂದು ಹಾಲು ಕೊಟ್ಟು ಹೋಗುತ್ತಿದ್ದರು.

ಅದನ್ನು ಸಂಘವಾಗಿ ಮಾಡಿಸಿದವರು ಮಕ್ತುಮ್ ಸಾಬ್. ಸಹಕಾರ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ನಿಯಮ ಎಂದರೆ ಪ್ರಾಣ. "ಅಮ್ಮಾರೆ, ನಿಮ್ಮ ಹೆಸರಿನಾಗೆ ನಡೆದ್ರೆ ಇದು ನೀವಿರೋ ತನಕ. ಸಂಘ ಅಂತ ಮಾಡಿದ್ರೆ ಅದಕ್ಕೆ ಅದರದೇ ಆಯಸ್ಸು" ಎಂದು ನಾಗರತ್ನಮ್ಮನನ್ನು ಒಪ್ಪಿಸಿ ನಿಯಮಾವಳಿ ಬರೆದರು, ರಿಜಿಸ್ಟರ್ ಮಾಡಿಸಿದರು, ಕಾರ್ಯದರ್ಶಿಯೂ ಆದರು. ನಾಗರತ್ನಮ್ಮ ಅಧ್ಯಕ್ಷರು. ಕೂಸು ಬಿಡುವ ತಾಯಂದಿರೆಲ್ಲ ಸದಸ್ಯರು. ಅವರ ಪರವಾಗಿ ಕಮಿಟಿಯಲ್ಲಿ ಒಬ್ಬಳು ಇರಲೇಬೇಕು ಎಂದೂ ಸಾಬರು ಬರೆದಿದ್ದರು. ಜಾಬರನನ್ನೇ ನಡುಗಿಸುವ ಬಾಯಿ ನಮ್ಮ ಕಡೆ ಇರಲಿ ಎಂದು ತಾಯಂದಿರು ಕರಿಯವ್ವನನ್ನು ಆರಿಸಿದರು. ಆ ಬಾಯಿ ಯಾರ ಮುಂದೆ ಕಟ್ಟಿಹೋಗುತ್ತದೆ ಎನ್ನುವುದನ್ನು ಪಾಪ ಯಾರೂ ಯೋಚಿಸಿರಲಿಲ್ಲ.

ಕಮಿಟಿ ಸಭೆ ನಾಗರತ್ನಮ್ಮನ ಪಡಸಾಲೆಯಲ್ಲೇ ಸೇರುತ್ತಿತ್ತು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕೂರಿಸುವ ಜಾಯಮಾನ ಆಕೆಯದಲ್ಲ. ಬಂದೊಡನೆ ಕೈಗೆ ಎಲೆ-ಅಡಿಕೆ, ನಡುವೆ ಒಗ್ಗರಣೆ ಮಂಡಕ್ಕಿ, ಹೊರಡುವಾಗ ಚಹಾ. ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಕಡೆ ಎತ್ತಿನ ವ್ಯಾಪಾರವಿರಲಿ, ಹೆಣ್ಣು ಕೊಡುವ ಮಾತಿರಲಿ, ಒಬ್ಬರ ಕೈಯಿಂದ ಎಲೆ-ಅಡಿಕೆ ತೆಗೆದುಕೊಂಡಿರೆಂದರೆ ಅವರ ಮಾತಿಗೆ ಒಪ್ಪಿದಿರಿ ಎಂದೇ ಅರ್ಥ. ಎಲೆ ಹಿಡಿದ ಮೇಲೆ ಹಿಂದೆ ಸರಿದವನನ್ನು ಊರು ಮನುಷ್ಯನೆಂದು ಎಣಿಸುವುದಿಲ್ಲ. ಎಲ್ಲ ಕಡೆ ಮಾತು ಮೊದಲು, ಎಲೆ ಆಮೇಲೆ. ಈ ಸಂಘದಲ್ಲಿ ಮಾತ್ರ ಎಲೆ ಮೊದಲು, ಮಾತು ಆಮೇಲೆ ಆಗಿ ಕೂತಿತ್ತು. ವರ್ಷಗಟ್ಟಲೆ ಅದು ಯಾರ ಗಮನಕ್ಕೂ ಬರಲಿಲ್ಲ. ನಾಗರತ್ನಮ್ಮ ಹೇಳಿದ್ದೆಲ್ಲ ಒಳ್ಳೆಯದೇ ಆಗಿದ್ದರಿಂದ, ಬಾಯಿ ತುಂಬ ರಸ ಇಟ್ಟುಕೊಂಡು "ಹೂಂ" ಎನ್ನುವುದು ಎಲ್ಲರಿಗೂ ರೂಢಿಯಾಗಿತ್ತು.

ಐವತ್ತೆಂಟರ ಚಳಿಗಾಲದಲ್ಲಿ ಒಂದು ಸಭೆ. ಹಾಲವ್ವನ ತಮ್ಮ ಗುತ್ತೆಪ್ಪ ಆಗ ಎದೆಹಾಲಿನ ಕೂಸು. ಅಂದು ನಾಗರತ್ನಮ್ಮನ ಮುಖ ಅರಳಿತ್ತು. ಎಲ್ಲರ ಕೈಗೂ ಎಲೆ ಕೊಟ್ಟು, ಎಲ್ಲರೂ ಬಾಯಿಗೆ ಹಾಕಿಕೊಂಡ ಮೇಲೆ ಸುದ್ದಿ ಹೇಳಿದರು.

"ಹರಿಹರದಾಗೆ ಹೊಳೆ ದಂಡಿಗೆ ನಮ್ಮ ತವರಿನೋರದ್ದು ಒಂದು ದೊಡ್ಡ ಮನಿ ಐತೆ. ನಮ್ಮಣ್ಣ ಮಾಲತೇಶಪ್ಪ ಅದನ್ನ ಅವ್ವನ ಹೆಸರಿಗೆ ಸಂಘಕ್ಕೆ ಕೊಡ್ತೀನಿ ಅಂದಾನೆ. ತೊಟ್ಟಿಲ ಮನಿ ಅಲ್ಲಿಗೇ ಹೋಗಬೇಕು ಅನ್ನೋದೊಂದೇ ಅವನ ಮಾತು. ಇಲ್ಲಿ ಕೂಸುಗಳು ಹತ್ತಿ ಧೂಳು ಕುಡಿತಾವೆ. ಅಲ್ಲಿ ಹೊಳೆ ಗಾಳಿ, ಎಮ್ಮೆ ಹಾಲು. ಸೋಮವಾರ ಬಿಟ್ಟು ಬರ್ರಿ, ಶನಿವಾರ ಸಂಜೆ ಕರಕೊಂಡು ಬರ್ರಿ. ನಾನೂ ಅಲ್ಲೇ ಇದ್ದು ನೋಡ್ಕಂತೀನಿ."

ಕರಿಯವ್ವನ ದವಡೆ ಅಲ್ಲಿಗೇ ನಿಂತಿತು. ವಾರವಿಡೀ ಗುತ್ತೆಪ್ಪ ಹರಿಹರದಲ್ಲಿ, ತಾನು ದಾವಣಗೆರೆಯಲ್ಲಿ. ಬಾಯಿ ತೆರೆಯಲು ಹೋದಳು; ಬಾಯಿ ತುಂಬ ಎಲೆ, ಅದೂ ನಾಗರತ್ನಮ್ಮ ಕೈಯಾರೆ ಸುಣ್ಣ ಹಚ್ಚಿ ಕೊಟ್ಟಿದ್ದು. ಸುತ್ತ ನೋಡಿದಳು. ಎಲ್ಲರೂ ಅಗಿಯುತ್ತ ತಲೆ ಆಡಿಸುತ್ತಿದ್ದರು. "ಆಗ್ಲಿ ಅಮ್ಮಾರೆ" ಎಂದರು ಒಬ್ಬರು. "ಆಗ್ಲಿ" ಎಂದರು ಮತ್ತೊಬ್ಬರು. ಕರಿಯವ್ವ ರಸ ನುಂಗಿದಳು, ಮಾತನ್ನೂ ನುಂಗಿದಳು.

ಮರುದಿನ ಸುದ್ದಿ ರೀಲಿಂಗ್ ಖಾತೆಗೆ ಮುಟ್ಟಿತು. ಬಿಡುವಿನಲ್ಲಿ ತೊಟ್ಟಿಲ ಮನೆಯಲ್ಲಿ ತನ್ನ ಕೂಸಿಗೆ ಹಾಲು ಕೊಡುತ್ತಿದ್ದ ಅದೇ ಖಾತೆಯ ಖತೀಜಾಬೀ ಕರಿಯವ್ವನ ಕಡೆ ತಿರುಗಿ ಕೇಳಿದಳು.

"ನಮ್ಮ ಪರವಾಗಿ ನಿನ್ನ ಅಲ್ಲಿ ಕೂಡ್ರಿಸಿದ್ದು ಎಲೆ ತಿನ್ನಾಕೇನು?"

ಕರಿಯವ್ವ ಗುತ್ತೆಪ್ಪನ ಮೇಲೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಉಳಿದ ತಾಯಂದಿರು ಕೂಸುಗಳನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದು ಕೂತಿದ್ದರು. ಹರಿಹರಕ್ಕೆ ಕಳಿಸದಿದ್ದರೆ ಮತ್ತೆ ಹಿಂದಿನ ಓಣಿಯ ಮುದುಕಿಯ ಬಾಗಿಲೇ ಗತಿ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮುದುಕಿ ಸತ್ತಿದ್ದರೂ ಆಕೆಯ ಸೊಸೆ ಇದ್ದಳು.

ಮನೆಯಲ್ಲಿ ಕರಿಯವ್ವ ಗಂಡನ ಮುಂದೆ ಗೋಳಾಡಿದಳು. "ಅಮ್ಮಾರ ಮಾತಿಗೆ ಹೆಂಗೆ ಎದುರಾಡ್ಲಿ? ಹಾಲವ್ವ ಇವತ್ತು ಓಡಾಡ್ತಿರೋದೇ ಅವರಿಂದ."

ಮಾಳಿಂಗಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದ. "ಹಾಲವ್ವನ ಋಣ ಐತೆ, ಖರೆ. ಅದನ್ನ ಗುತ್ತೆಪ್ಪನ ಕೈಲಿ ಯಾಕ ತೀರಿಸ್ತಿ?"

ಒಂದು ತಿಂಗಳ ಮಾತನ್ನು ಒಮ್ಮೆಗೇ ಆಡಿ ಮುಗಿಸಿದವನಂತೆ ಅವನು ಮತ್ತೆ ಊಟಕ್ಕೆ ಬಗ್ಗಿದ. ಕರಿಯವ್ವ ಎದ್ದು ಗುತ್ತೆಪ್ಪನನ್ನು ಕಂಕುಳಿಗೆ ಏರಿಸಿಕೊಂಡು ಮಕ್ತುಮ್ ಸಾಬರ ಮನೆಗೆ ನಡೆದಳು.

ಸಾಬರು ಅಂಗಳದಲ್ಲಿ ಕೂತು ಹಳೆಯ ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ಕರಿಯವ್ವ ನೇರ ವಿಷಯಕ್ಕೇ ಬಂದಳು.

"ಸಾಬ್ರೆ, ಎಲೆ ತಿಂದುಬಿಟ್ಟೀನಿ. ಈಗ ಬ್ಯಾಡ ಅಂದ್ರೆ ಮಾತಿಗೆ ತಪ್ಪಿದಂಗೆ ಆಗ್ತೈತಲ್ರಿ?"

"ಕಮಿಟಿ ಹೂಂ ಅಂದ್ರೆ ಮುಗೀಲಿಲ್ಲವ್ವ" ಎಂದರು ಸಾಬರು. "ಸಂಘದ ಜಾಗ ಬದಲಾಗಬೇಕಂದ್ರೆ ಸದಸ್ಯರೆಲ್ಲ ಸೇರಿ ಒಪ್ಪಬೇಕು. ಮುಂಚೆನೇ ನೋಟೀಸು ಕೊಟ್ಟು, ಯಾತಕ್ಕೆ ಸೇರ್ತೀವಿ ಅಂತ ಬರೆದು, ಎಲ್ಲರಿಗೂ ಓದಿ ಹೇಳಬೇಕು. ಆ ನೋಟೀಸು ನಾನು ಹೊರಡಿಸ್ತೀನಿ." ಕೊಡೆಯನ್ನು ಕೆಳಗಿಟ್ಟರು. "ಇನ್ನೊಂದು ಐತೆ. ಮನಿ ಕೊಡೋರು ಅಮ್ಮಾರ ಅಣ್ಣ. ತನ್ನ ವಿಷಯ, ತನ್ನೋರ ವಿಷಯ ಬಂದಾಗ ಅಧ್ಯಕ್ಷರೇ ಆಗ್ಲಿ, ಯಾರೇ ಆಗ್ಲಿ, ಕುರ್ಚಿ ಬಿಟ್ಟು ಹೊರಗೆ ಕೂಡ್ರಬೇಕು. ನಾನೇ ಬರೆದ ನಿಯಮ."

"ಮತ್ತೆ ಅವತ್ತು ಯಾಕ ಹೇಳ್ಲಿಲ್ರಿ?"

ಸಾಬರು ಮನೆಯ ಒಳಗೆ ನೋಡಿದರು. ಅಲ್ಲಿ ಅವರ ಮಗಳು ಮಾಬೂಬೀ ತನ್ನ ಬಿಳಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಅವಳನ್ನು ದಾದಿಯರ ತರಬೇತಿಗೆ ಸೇರಿಸಿ, ನೆಂಟರಿಷ್ಟರ ಬಾಯಿ ಮುಚ್ಚಿಸಿ, ಓದು ಮುಗಿಯುವ ತನಕ ಬೆನ್ನಿಗೆ ನಿಂತವರು ನಾಗರತ್ನಮ್ಮ.

"ನನ್ನ ಬಾಯಾಗೂ ಎಲೆ ಇತ್ತವ್ವ" ಎಂದರು ಸಾಬರು.

ಕಮಿಟಿಯಲ್ಲಿ ನಾಗರತ್ನಮ್ಮನ ಋಣ ಇಲ್ಲದವರು ಯಾರಿದ್ದಾರೆ ಎಂದು ಕರಿಯವ್ವ ಒಬ್ಬೊಬ್ಬರನ್ನೇ ನೆನೆದಳು. ಯಾರೂ ಇರಲಿಲ್ಲ. ಆಕೆ ಇಷ್ಟು ಒಳ್ಳೆಯವರಾಗಿದ್ದೇ ಸಂಘಕ್ಕೆ ತೊಡಕಾಗಿದೆಯಲ್ಲ ಎನ್ನಿಸಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸರ್ವ ಸದಸ್ಯರ ಸಭೆ ವಾರದ ರಜೆಯ ದಿನ ತೊಟ್ಟಿಲ ಮನೆಯಲ್ಲೇ ಸೇರಿತು. ಜೋಲಿಗಳನ್ನು ತೊಲೆಯ ಮೇಲಕ್ಕೆ ಎತ್ತಿ ಕಟ್ಟಿ, ಚಾಪೆ ಹಾಸಿದ್ದರು. ಹರಿಹರದಿಂದ ಮಾಲತೇಶಪ್ಪನವರೂ ಬಂದು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕಾಳಿನ ವ್ಯಾಪಾರದವರು, ಭಾರಿ ಆಳು, ತಾಯಿಯ ನೆನಪಿಗೆ ಏನಾದರೂ ಮಾಡಬೇಕೆಂದು ನಿಜವಾಗಿಯೂ ಹಂಬಲಿಸುತ್ತಿದ್ದವರು. ಅಂಜಿನವ್ವ ಎಲೆ-ಅಡಿಕೆಯ ತಟ್ಟೆ ಹಿಡಿದಳು, ನಾಗರತ್ನಮ್ಮ ತಾವೇ ಎಲ್ಲರ ಕೈಗೂ ಕೊಡುತ್ತ ಬಂದರು.

ಕರಿಯವ್ವನ ಸರದಿ ಬಂತು. ಅವಳು ಎಲೆಯನ್ನು ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೆ ಒತ್ತಿಕೊಂಡು, ಮತ್ತೆ ತಟ್ಟೆಯಲ್ಲೇ ಇಟ್ಟಳು.

"ಆಮ್ಯಾಲೆ ತಗಂತೀನಿ ಅಮ್ಮಾರೆ. ಮೊದ್ಲು ಮಾತಾಗ್ಲಿ."

ಅಂಜಿನವ್ವ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಮುತ್ತೈದೆ ಕೊಟ್ಟ ಎಲೆಯನ್ನು, ಅದೂ ನಾಗರತ್ನಮ್ಮ ಕೊಟ್ಟಿದ್ದನ್ನು, ತಿರುಗಿ ಇಡುವುದೆಂದರೇನು? ಆಮೇಲೆ ಖತೀಜಾಬೀ, ಆಗಲೇ ಇಸಕೊಂಡಿದ್ದ ಎಲೆಯನ್ನು ಮೆಲ್ಲಗೆ ತನ್ನ ಮುಂದೆ ಚಾಪೆಯ ಮೇಲೆ ಇಟ್ಟಳು. ಪಕ್ಕದವಳೂ ಇಟ್ಟಳು. ಸಾಲು ಸಾಲಾಗಿ ತಾಯಂದಿರೆಲ್ಲ ಇಟ್ಟರು.

ನಾಗರತ್ನಮ್ಮನ ಮುಖದ ಬಣ್ಣ ಹೋಯಿತು. "ಯಾಕ ಕರಿಯವ್ವ?" ಎಂದರು. ಕೂಗಲಿಲ್ಲ, ಗದರಲಿಲ್ಲ. ಗದರಿದ್ದರೆ ಕರಿಯವ್ವನಿಗೆ ಸುಲಭವಾಗುತ್ತಿತ್ತು.

ಗುತ್ತೆಪ್ಪ ಹೊರಗೆ ಜಗುಲಿಯ ಜೋಲಿಯಲ್ಲಿ ಮಲಗಿದ್ದ. ಕರಿಯವ್ವ ಅವನ ಕಡೆಗೊಮ್ಮೆ ನೋಡಿ ಶುರು ಮಾಡಿದಳು.

"ನನ್ನ ಚರ್ಮ ಸುಲಿದು ನಿಮಗೆ ಚಪ್ಪಲಿ ಮಾಡಿಸಿದ್ರೂ ನಿಮ್ಮ ಋಣ ತೀರಲ್ಲ ಅಮ್ಮಾರೆ. ನನ್ನದು ಅಂತ ಏನು ಕೇಳಿದ್ರೂ ಕೊಡ್ತೀನಿ, ಯಾಕ ಅಂತ ಕೇಳಲ್ಲ. ಆದ್ರೆ ಈ ಮನಿ ನನ್ನದಲ್ಲ. ಸಿಟ್ಟು ಮಾಡಬ್ಯಾಡ್ರಿ, ನಿಮ್ಮದೂ ಅಲ್ಲ. ಇದು ಕೂಸುಗಳ ಮನಿ. ಮಿಲ್ಲಿನ ಕೂಗು ಆತಂದ್ರೆ ನಮ್ಮ ಎದಿ ತಾನಾಗೇ ತೊಯ್ತೈತೆ. ರಸ್ತೆ ದಾಟಿದ್ರೆ ಕೂಸು ಐತೆ ಅಂತ ನಾವು ಸಂಜೀ ತನಕ ದುಡೀತೀವಿ. ಹರಿಹರಕ್ಕೆ ಹೆಂಗೆ ಓಡಿ ಬರಾಣ?"

"ಅವತ್ತು ಕಮಿಟಿಯಾಗೆ ಯಾಕ ಹೇಳ್ಲಿಲ್ಲ?"

"ಬಾಯಾಗೆ ನಿಮ್ಮ ಎಲೆ ಇತ್ತಲ್ರಿ."

ನಾಗರತ್ನಮ್ಮ ಚಾಪೆಯ ಮೇಲೆ ಸಾಲಾಗಿ ಬಿದ್ದ ಎಲೆಗಳನ್ನು ನೋಡುತ್ತ ನಿಂತರು. ಅಷ್ಟು ವರ್ಷಗಳ ಸಭೆಗಳೆಲ್ಲ ಆಕೆಯ ಕಣ್ಣ ಮುಂದೆ ಬಂದಿರಬೇಕು. ಆಗ ಮಕ್ತುಮ್ ಸಾಬರು ಎದ್ದು ನಿಂತರು. ಕನ್ನಡಕ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಕೊನೆಗೆ ಆಕೆಯ ಮುಖ ನೋಡದೆಯೇ ನಿಯಮ ಹೇಳಿದರು: ಮನೆ ಕೊಡುವವರು ಅಧ್ಯಕ್ಷರ ಅಣ್ಣನಾದ್ದರಿಂದ ಈ ವಿಷಯ ತೀರ್ಮಾನವಾಗುವ ತನಕ ಅಧ್ಯಕ್ಷರು ಹೊರಗೆ ಇರಬೇಕು.

ಮಾಲತೇಶಪ್ಪನವರಿಗೆ ಸಿಟ್ಟು ನೆತ್ತಿಗೇರಿತು. "ದಾನ ಕೊಡಾಕ ಬಂದೋರಿಗೆ ಹೊರಗೆ ಕೂಡ್ರು ಅಂತೀರೇನ್ರಿ? ಕಟ್ಟಿದಾಕಿಗೇ ಜಾಗ ಇಲ್ಲೇನು ಇಲ್ಲಿ?"

"ಅಣ್ಣಾ, ಬಾ" ಎಂದರು ನಾಗರತ್ನಮ್ಮ. "ಆ ನಿಯಮಕ್ಕೆ ಮೊದ್ಲು ಸಹಿ ಹಾಕಿದಾಕಿ ನಾನೇ." ಅಣ್ಣನ ತೋಳು ಹಿಡಿದು ಜಗುಲಿಗೆ ಕರೆದುಕೊಂಡು ಹೋದರು.

ಒಳಗೆ ಸಾಬರು ಸಭೆ ನಡೆಸಿದರು. ಎದುರು ಸಾಲಿನವರನ್ನು ಬಿಟ್ಟು, ಗೋಡೆಗೆ ಒರಗಿ ಕೂತ ಸಂಕೋಚದ ಹೆಂಗಸರನ್ನೇ ಮೊದಲು ಮಾತಾಡಿಸಿದರು. ಇಷ್ಟು ದಿನ "ಹೂಂ" ಬಿಟ್ಟು ಬೇರೇನೂ ಹೇಳದಿದ್ದ ಕೊಟ್ರವ್ವ ಎಂಬ ಹುಡುಗಿ ತಡವರಿಸುತ್ತ, ಹರಿಹರದ ಮನೆ ಬ್ಯಾಡ, ಆದರೆ ಧೂಳಿನ ಮಾತು ಖರೆ, ಕಿಟಕಿಗೆ ತೆಳು ಬಟ್ಟೆ ಕಟ್ಟೋಣ ಎಂದಳು. ಮಾತು ಹತ್ತಿದ್ದೇ ತಡ, ಎಲ್ಲರ ಬಾಯಿಯೂ ತೆರೆಯಿತು. ಕೈ ಎತ್ತಿರಿ ಎಂದಾಗ ಹರಿಹರಕ್ಕೆ ಹೋಗೋಣ ಎಂದು ಒಂದು ಕೈಯೂ ಏಳಲಿಲ್ಲ. ಕಮಿಟಿಯಲ್ಲಿ "ಆಗ್ಲಿ" ಎಂದಿದ್ದವರ ಕೈ ಕೂಡ ಏಳಲಿಲ್ಲ.

ಅಷ್ಟರಲ್ಲಿ ಜಗುಲಿಯಲ್ಲಿ ಗುತ್ತೆಪ್ಪ ಎದ್ದು ರಾಗ ತೆಗೆದಿದ್ದ. ನಾಗರತ್ನಮ್ಮ ಎತ್ತಿಕೊಂಡರು, ತೂಗಿದರು, ಲೊಚಗುಟ್ಟಿದರು, ಅಂಗಳದ ಕಾಗೆ ತೋರಿಸಿದರು. ಮಾಲತೇಶಪ್ಪನವರು ತಮ್ಮ ಕೈಯ ಬೀಗದ ಗೊಂಚಲು ಅಲ್ಲಾಡಿಸಿದರು. ಗುತ್ತೆಪ್ಪ ಯಾವುದಕ್ಕೂ ಬಗ್ಗಲಿಲ್ಲ. ಕರಿಯವ್ವ ಬಾಗಿಲಿಗೆ ಬಂದಾಗ ನಾಗರತ್ನಮ್ಮ ಕೂಸನ್ನು ಅವಳ ಕಡೆ ಚಾಚಿದರು.

"ತಗ, ನಿನ್ನ ಮಗನ್ನ. ಇದು ಹೊಳೆ ಗಾಳಿಗೆ ಸುಮ್ಮನಾಗೋ ಕೂಸಲ್ಲ."

ಏನು ತೀರ್ಮಾನವಾಯಿತೆಂದು ಆಕೆ ಕೇಳಲಿಲ್ಲ. ಒಳಗೆ ಹೋಗಿ ಅಂಜಿನವ್ವನ ಕೈಯಿಂದ ತಟ್ಟೆ ಇಸಕೊಂಡು, "ಈಗ ತಗಳ್ರಿ" ಎಂದು ಮತ್ತೆ ಮೊದಲಿನಿಂದ ಎಲ್ಲರಿಗೂ ಎಲೆ ಕೊಟ್ಟರು. ಕರಿಯವ್ವನಿಗೂ ಕೊಟ್ಟರು. ಆದರೆ ಕಣ್ಣು ಕಣ್ಣು ಸೇರಲಿಲ್ಲ.

ಆಮೇಲಿನ ದಿನಗಳನ್ನು ಕರಿಯವ್ವ ಹೇಗೆ ಕಳೆದಳೋ ಅವಳಿಗೇ ಗೊತ್ತು. ನಾಗರತ್ನಮ್ಮ ತೊಟ್ಟಿಲ ಮನೆಯ ಕಡೆ ಬರಲಿಲ್ಲ. ಕೂಸುಗಳು ಇಲ್ಲೇ ಉಳಿದವು, ತಾಯಂದಿರು ಹೊಗಳಿದರು, ಖತೀಜಾಬೀ ಹಬ್ಬಕ್ಕೆ ಮಾಡಿದ ಸಿಹಿಯಲ್ಲಿ ಮೊದಲ ಬಟ್ಟಲನ್ನು ಇವಳಿಗೇ ತಂದುಕೊಟ್ಟಳು. ಕರಿಯವ್ವನಿಗೆ ಏನೂ ರುಚಿಸಲಿಲ್ಲ. ಉಂಡ ಮನೆಗೆ ಎರಡು ಬಗೆದೆನೇ ಎಂದು ಹಾಲವ್ವನ ತಲೆ ಬಾಚುವಾಗಲೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಮಿಲ್ಲಿಗೆ ಹೊರಟವಳು ಕೂಸು ಬಿಡಲು ಬಂದರೆ, ನಾಗರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಕಿಟಕಿಗೆ ತೆಳು ಸೀರೆಯ ಪರದೆ ಕಟ್ಟುತ್ತಿದ್ದರು. ಇವಳನ್ನು ಕಂಡು ಕೆಳಗಿಳಿದರು.

"ಸಿಟ್ಟು ಬಂದಿತ್ತು ಕರಿಯವ್ವ, ಸುಳ್ಳು ಯಾಕ ಹೇಳ್ಲಿ. ಮನ್ಯಾಗೆ ಕುಂತು ಯೋಚನೆ ಮಾಡಿದೆ. ಇಷ್ಟು ವರ್ಷದಾಗೆ ನನಗೆ ಬ್ಯಾಡ ಅಂದೋರು ಒಬ್ಬರೂ ಇಲ್ಲ. ಹಂಗಾಗಿ ನಾನು ಅಂದದ್ದೆಲ್ಲ ಸರಿ ಅಂತ ತಿಳ್ಕಂಡಿದ್ದೆ. ನೀನು ಬ್ಯಾಡ ಅನ್ನದೆ ಹೋಗಿದ್ರೆ ಮೊಲೆ ಕುಡಿಯೋ ಕೂಸುಗಳನ್ನ ತಾಯಿಂದ ಕಿತ್ತಿರ್ತಿದ್ದೆ. ನನಗೆ ನಿನ್ನ ಉಪಕಾರ ಆಗೈತೆ."

ಮಾತಿಗೆ ಹೆಸರಾದ ಕರಿಯವ್ವ ಸ್ಟೂಲು ಹಿಡಿದುಕೊಂಡು ಅತ್ತಳು, ಅಷ್ಟೇ. ಆ ದಿನ ಅವಳು ಮಿಲ್ಲಿಗೆ ತಡವಾಗಿ ಹೋದಳು. ಜಾಬರ್ ಏನೂ ಕೇಳಲಿಲ್ಲ.

ಅಲ್ಲಿಂದ ಸಂಘದ ರೀತಿಯೇ ಬದಲಾಯಿತು. ಮೊದಲು ವಿಷಯ ಓದುವುದು, ಆಮೇಲೆ ಹಿಂದೆ ಕೂತವರ ಮಾತು, ಎಲ್ಲರದೂ ಮುಗಿದ ಮೇಲೆ ಅಧ್ಯಕ್ಷರ ಮಾತು, ಕೈ ಎತ್ತುವುದು, ಎಲ್ಲಕ್ಕೂ ಕೊನೆಗೆ ಎಲೆ-ಅಡಿಕೆ. ಯಾರಾದರೂ ಬ್ಯಾಡ ಎಂದರೆ ಅವರ ಹೆಸರನ್ನೂ ಕಾರಣವನ್ನೂ ಸಾಬರು ನಡಾವಳಿಯಲ್ಲಿ ಮರ್ಯಾದೆಯಿಂದ ಬರೆಯುತ್ತಿದ್ದರು. ಒಬ್ಬರೇ ಬಹಳ ಕಾಲ ಅಧ್ಯಕ್ಷರಾಗಿ ಉಳಿಯಬಾರದು ಎನ್ನುವ ನಿಯಮವನ್ನು ನಾಗರತ್ನಮ್ಮನೇ ಹಟ ಹಿಡಿದು ಸೇರಿಸಿ, ಕಾಲ ಬಂದಾಗ ಕುರ್ಚಿ ಬಿಟ್ಟು ಚಾಪೆಗೆ ಬಂದು ಕೂತರು. ಮಾಲತೇಶಪ್ಪನವರ ಸಿಟ್ಟು ಇಳಿಯಲು ಮಾತ್ರ ಬಹಳ ಕಾಲ ಹಿಡಿಯಿತು. ಹರಿಹರದ ಸುತ್ತ, ಗುತ್ತೂರಿನ ಕಡೆ, ಹೊಸ ಕಾರ್ಖಾನೆಗಳು ಏಳುತ್ತಿದ್ದಾಗ ಇಟ್ಟಿಗೆ ಹೊರುವ ಹೆಂಗಸರ ಕೂಸುಗಳು ಬಿಸಿಲಲ್ಲಿ ಬಿದ್ದಿರುವುದನ್ನು ಅವರು ಕಂಡರು. ಆಗ ಷರತ್ತು ಗಿರತ್ತು ಏನೂ ಇಲ್ಲದೆ ಹೊಳೆ ದಂಡೆಯ ಮನೆಯ ಬೀಗ ತೆಗೆದರು. ಅಲ್ಲಿನ ತಾಯಂದಿರೇ ಕಮಿಟಿ ಮಾಡಿಕೊಂಡರು. ಮೊದಲ ಸಭೆಗೆ ಕರಿಯವ್ವ ಹೋಗಿ, ಎಲೆ ಯಾವಾಗ ಕೊಡಬೇಕೆಂದು ಹೇಳಿಕೊಟ್ಟು ಬಂದಳು.

ಅರವತ್ತಾರರಲ್ಲಿ ತಾಯಂದಿರು ಕರಿಯವ್ವನನ್ನೇ ಅಧ್ಯಕ್ಷಳನ್ನಾಗಿ ಮಾಡಿದರು. ನಾಗರತ್ನಮ್ಮನ ತಲೆ ಆಗ ಪೂರ್ತಿ ಬೆಳ್ಳಗಾಗಿತ್ತು, ಹಲ್ಲು ಉದುರಿದ್ದವು. ಆ ವರ್ಷದ ಸರ್ವ ಸದಸ್ಯರ ಸಭೆಯಲ್ಲಿ ಕರಿಯವ್ವನದು ವಿಚಿತ್ರ ವರ್ತನೆ. ಎಲ್ಲರೂ ಕೂತೊಡನೆ ತಾನೇ ತಟ್ಟೆ ಹಿಡಿದು ಎಲೆ-ಅಡಿಕೆ ಕೊಡಲು ಹೊರಟಳು. ನೇರ ನಾಗರತ್ನಮ್ಮನ ಹತ್ತಿರವೇ ಹೋಗಿ ಸುಣ್ಣ ಹಚ್ಚಿದ ಎಲೆಯನ್ನು ಕೈಗೆ ಇಟ್ಟಳು. ನಾಗರತ್ನಮ್ಮ ಎಲೆಯನ್ನು ನೋಡಿದರು, ಅವಳ ಮುಖ ನೋಡಿದರು, ಎಲೆಯನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟರು.

"ಆಮ್ಯಾಲೆ ತಗಂತೀನಿ ಅಧ್ಯಕ್ಷರೇ. ಮೊದ್ಲು ಮಾತಾಗ್ಲಿ. ಏನು ಮುಚ್ಚಿಟ್ಟೀಯ, ಓದು."

ಹೆಂಗಸರೆಲ್ಲ ನಕ್ಕರು. ಕಳ್ಳತನ ಸಿಕ್ಕಿಬಿದ್ದ ಕರಿಯವ್ವ ತಲೆ ತುರಿಸಿಕೊಂಡು ನಿಂತಳು. ಮಕ್ತುಮ್ ಸಾಬರು ದಪ್ಪ ಕನ್ನಡಕ ಏರಿಸಿ ವಿಷಯ ಓದಿದರು: ತೊಟ್ಟಿಲ ಮನೆಗೆ ನಾಗರತ್ನಮ್ಮನವರ ಹೆಸರಿಡುವುದು.

"ಬ್ಯಾಡ" ಎಂದರು ನಾಗರತ್ನಮ್ಮ, ಸಾಬರು ಓದಿ ಮುಗಿಸುವ ಮೊದಲೇ. "ನನ್ನ ಹೆಸರು ಯಾಕ? ಇದು ಕೂಸುಗಳ ಮನಿ ಅಂತ ನೀನೇ ಅಂದಿದ್ದಿ. ನಾನು ಬ್ಯಾಡ ಅಂತೀನಿ, ಬರಕಳ್ರಿ ಸಾಬ್ರೆ."

ಸಾಬರು ಲೇಖನಿ ಎತ್ತಿದರು. ಕರಿಯವ್ವ ಕೈ ಅಡ್ಡ ಹಿಡಿದಳು. ಜಾಬರನನ್ನು ನಡುಗಿಸುವ ಆ ಗಂಟಲು ಆಗ ಹೊರಬಂತು.

"ಬರಿಯೋಹಂಗಿಲ್ಲ ಸಾಬ್ರೆ. ಇದು ಅಮ್ಮಾರ ಸ್ವಂತದ ವಿಷಯ. ತನ್ನ ವಿಷಯ ಬಂದಾಗ ಯಾರೇ ಆಗ್ಲಿ ಹೊರಗೆ ಕೂಡ್ರಬೇಕು ಅಂತ ನಿಯಮ ಐತೆ. ಅದಕ್ಕೆ ಮೊದ್ಲು ಸಹಿ ಹಾಕಿದೋರೂ ಅವರೇ. ಏಳ್ರಿ ಅಮ್ಮಾರೆ, ಜಗಲಿಗೆ ನಡೀರಿ."

ನಾಗರತ್ನಮ್ಮ ಸಾಬರ ಕಡೆ ನೋಡಿದರು. ಸಾಬರು ಕನ್ನಡಕ ತೆಗೆದು ಒರೆಸತೊಡಗಿದರು. "ನಿಯಮ ಹೌದ್ರಿ ಅಮ್ಮಾರೆ" ಎಂದರು.

ಆಕೆ ಗೊಣಗುತ್ತ ಎದ್ದು ಜಗುಲಿಗೆ ಹೋದರು. ಅಲ್ಲಿ ಯಾರದೋ ಕೂಸು ಜೋಲಿಯಲ್ಲಿ ಮಿಸುಕಾಡುತ್ತಿತ್ತು, ಕೂತು ತೂಗಿದರು. ಒಳಗಿನಿಂದ ಮೊದಲು ಮೆಲುದನಿ, ಆಮೇಲೆ ನಗೆ, ಆಮೇಲೆ ಬಳೆಗಳ ಸದ್ದು ಕೇಳಿತು. ಕೈಗಳು ಒಟ್ಟಿಗೆ ಏಳುವಾಗ ಆಗುವ ಸದ್ದು ಅದು.

ಕರಿಯವ್ವ ತಟ್ಟೆ ಹಿಡಿದು ಹೊರಗೆ ಬಂದು ಆಕೆಯ ಪಕ್ಕದಲ್ಲಿ ಕೂತಳು. ಹಿಂದೆ ಬಾಗಿಲಲ್ಲಿ ಹಾಲವ್ವ ನಿಂತಿದ್ದಳು, ಲಂಗದ ಮೇಲೆ ದಾವಣಿ ಹೊದ್ದ ಹುಡುಗಿ.

"ನಾನು ಒಳಗಿದ್ರೆ ಒಪ್ತಿರಲಿಲ್ಲ" ಎಂದರು ನಾಗರತ್ನಮ್ಮ.

"ಅದಕ್ಕೇ ಹೊರಗೆ ಕೂಡ್ರಿಸಿದ್ದು. ಮಾತು ಮುಗೀತು ಅಮ್ಮಾರೆ. ಈಗ ತಗಳ್ರಿ."

ನಾಗರತ್ನಮ್ಮ ಬಹಳ ಹೊತ್ತು ಎಲೆಯನ್ನೇ ನೋಡಿದರು. ಜೋಲಿ ತೂಗುವುದನ್ನು ಬಿಡಲಿಲ್ಲ.

"ಹಲ್ಲಿಲ್ಲವಲ್ಲೇ" ಎಂದರು ಕೊನೆಗೆ. "ಕುಟ್ಟಿ ಕೊಡು."

ಹಾಲವ್ವ ಒಳಗೆ ಓಡಿ ಅಂಜಿನವ್ವನ ಸಣ್ಣ ಕುಟ್ಟಾಣಿ ತಂದಳು. ಕರಿಯವ್ವ ಎಲೆ, ಅಡಿಕೆ, ಸುಣ್ಣ ಹಾಕಿ ನಯವಾಗುವ ತನಕ ಕುಟ್ಟಿದಳು, ಬೆರಳಲ್ಲಿ ಬಳಿದು ಆಕೆಯ ಅಂಗೈಗೆ ಇಟ್ಟಳು. ನಾಗರತ್ನಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ತುಟಿ ಕೆಂಪಾಯಿತು. ಆ ಹೆಸರಿನ ಬಗ್ಗೆ ಆಮೇಲೆ ಆಕೆ ಎಂದೂ ಬ್ಯಾಡ ಎನ್ನಲಿಲ್ಲ.